ಪರದೇಶಿಯ ಪರವಾಗಿ ಮಾತಾಡುವುದು ಯಾರ ಕೆಲಸ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಬೇರೊಂದು ಪ್ರಶ್ನೆಗೆ ಉತ್ತರಿಸುವಾಗ ಬ್ರಿಟನ್ನಿನ ಯಹೂದಿಗಳ ಮುಖ್ಯ ಗುರು ರಬ್ಬಿ ಎಫ್ರೈಮ್ ಮಿರ್ವಿಸ್ ಅವರ ಹೆಸರು ಬಂದಿತ್ತು. 2020ರ ಡಿಸೆಂಬರಿನಲ್ಲಿ ಅವರು ಚೀನಾದಲ್ಲಿ ಉಯ್ಗರ್ ಮುಸ್ಲಿಮರನ್ನು ಕ್ಯಾಂಪುಗಳಲ್ಲಿ ಕೂಡಿಹಾಕುತ್ತಿರುವ ಅನ್ಯಾಯದ ಬಗ್ಗೆ ಪತ್ರಿಕೆಯಲ್ಲಿ ಬರೆದಿದ್ದರು ಅಂತ ಎರಡು ಸಾಲು ಹಾಕಿದ್ದೆ, ಅಷ್ಟೇ. ಅದಕ್ಕೆ ಬಂದ ಪತ್ರಗಳು ಒಂದು ಕಟ್ಟು ಆಗಿವೆ. ಕೆಲವು ಮೆಚ್ಚಿ ಬರೆದವು, ಕೆಲವು ಸಿಟ್ಟಿನವು, ಒಂದು ಪತ್ರವನ್ನಂತೂ ಓದಿ ಮುಗಿಸಿ ನಾನು ಸ್ವಲ್ಪ ಹೊತ್ತು ಏನೂ ಮಾಡಲಾಗದೆ ಕೂತುಬಿಟ್ಟೆ, ಅದನ್ನು ಕೊನೆಗೆ ಇಟ್ಟಿದ್ದೇನೆ. ಅಡಿಕೆ ರೋಗದ ಪ್ರಶ್ನೆ, ಪಿಂಚಣಿ ಪ್ರಶ್ನೆ ಕಳಿಸಿದವರು ಬೇಸರ ಮಾಡಿಕೊಳ್ಳಬೇಡಿ, ಅವೆಲ್ಲ ಮುಂದಿನ ಸಲ. ಈ ಸಲದ ಪುಟ ಪೂರ್ತಿ ಇದಕ್ಕೇ.

ಪ್ರಶ್ನೆ: ಯಹೂದಿಗಳಿಗೂ ಉಯ್ಗರರಿಗೂ ಏನು ನಂಟು? ಮತ ಬೇರೆ, ಭಾಷೆ ಬೇರೆ, ದೇಶ ಬೇರೆ. ಒಬ್ಬ ಗುರು ತನ್ನ ಜನರ ಪ್ರಾರ್ಥನೆ, ಮದುವೆ, ಸಾವು ನೋಡಿಕೊಂಡಿದ್ದರೆ ಸಾಲದೇ? ಇದು ಅವರ ಧರ್ಮದಲ್ಲೇ ಇರುವುದೋ, ಈಗಿನ ಕಾಲದ ರಾಜಕೀಯವೋ?
- ಒಬ್ಬ ನಿವೃತ್ತ ಅಧ್ಯಾಪಕರು, ಬದಿಯಡ್ಕ

ಉತ್ತರ: ಮಾಷ್ಟ್ರೇ, ನಿಮ್ಮ ಪ್ರಶ್ನೆಯನ್ನು ನೂರು ವರ್ಷಕ್ಕೂ ಹಿಂದೆ ಒಬ್ಬ ಮಂತ್ರಿ ಕೇಳಿದ್ದ. 1915ರ ಮಾತು. ಒಟ್ಟೋಮನ್ ತುರ್ಕಿಯಲ್ಲಿ ಅರ್ಮೇನಿಯನ್ ಕ್ರೈಸ್ತರನ್ನು ಊರೂರಿನಿಂದ ಎಬ್ಬಿಸಿ, ಹೆಂಗಸರು ಮಕ್ಕಳು ಅನ್ನದೆ ಮರುಭೂಮಿಯ ಕಡೆಗೆ ನಡೆಸಿ ಕೊಲ್ಲುತ್ತಿದ್ದರು. ಅಲ್ಲಿ ಅಮೆರಿಕದ ರಾಯಭಾರಿಯಾಗಿದ್ದವರು ಹೆನ್ರಿ ಮಾರ್ಗೆಂಥಾ, ಹುಟ್ಟಿನಿಂದ ಯಹೂದಿ. ಒಂದು ಜನಾಂಗವನ್ನೇ ಅಳಿಸುವ ಕೆಲಸ ನಡೆಯುತ್ತಿದೆ ಅಂತ ತಮ್ಮ ಸರ್ಕಾರಕ್ಕೆ ತಂತಿ ಕಳಿಸಿದ್ದಲ್ಲದೆ ತುರ್ಕಿಯ ಮಂತ್ರಿ ತಲಾತ್‌ನ ಬಾಗಿಲಿಗೆ ಮತ್ತೆ ಮತ್ತೆ ಹೋಗಿ ಬೇಡಿಕೊಂಡರು. ಆಗ ತಲಾತ್ ಕೇಳಿದ್ದು ಇದನ್ನೇ: ನೀವು ಯಹೂದಿ, ಇವರು ಕ್ರೈಸ್ತರು, ನಿಮಗೇಕೆ ಇವರ ಗೊಡವೆ? ನಾನು ಇಲ್ಲಿ ಯಹೂದಿಯಾಗಿ ಬಂದಿಲ್ಲ, ಅಮೆರಿಕದ ರಾಯಭಾರಿಯಾಗಿ ಬಂದಿದ್ದೇನೆ, ಅದೂ ಇರಲಿ, ಯಾವ ಮತದ ಹೆಸರಲ್ಲೂ ನಾನು ಕೇಳುತ್ತಿಲ್ಲ, ಬರೀ ಮನುಷ್ಯನಾಗಿ ಕೇಳುತ್ತಿದ್ದೇನೆ ಎಂಬ ಅರ್ಥದಲ್ಲಿ ಅವರು ಉತ್ತರ ಕೊಟ್ಟರು. 1918ರಲ್ಲಿ ಬಂದ ತಮ್ಮ ನೆನಪುಗಳಲ್ಲಿ ಅವರೇ ಇದನ್ನು ಬರೆದಿದ್ದಾರೆ.

ಇನ್ನು ಧರ್ಮದ ವಿಷಯ. ಇದೆ, ಬೇಕಾದಷ್ಟಿದೆ. ಯಹೂದಿಗಳ ಮೂಲ ಧರ್ಮಗ್ರಂಥವಾದ ತೋರಾದಲ್ಲಿ, ನಮ್ಮ ಕನ್ನಡ ಬೈಬಲಿನಲ್ಲಿ ಯಾಜಕಕಾಂಡ ಅಂತ ಇರುವ ಭಾಗದ 19ನೇ ಅಧ್ಯಾಯದಲ್ಲಿ, ನೆರೆಯವನ ರಕ್ತ ಹರಿಯುವಾಗ ಸುಮ್ನೆ ನಿಂತಿರಬೇಡ ಎಂಬ ಅಪ್ಪಣೆ ಇದೆ. ನೆರೆಯವನು ಅಂದರೆ ಯಾರು, ತಮ್ಮ ಮತದವನು ಮಾತ್ರವೋ ಎಲ್ಲರೂ ಸೇರುತ್ತಾರೋ ಅನ್ನುವುದರಲ್ಲಿ ಅವರ ಪಂಡಿತರಲ್ಲೇ ಎರಡು ಮಾತಿದೆ. ಆದರೆ ಅದೇ ಅಧ್ಯಾಯ ಮುಂದೆ ಓದಿದರೆ ಇನ್ನೊಂದು ಮಾತು ಸಿಗುತ್ತದೆ, ಅಲ್ಲಿ ಎರಡು ಅರ್ಥಕ್ಕೆ ಜಾಗ ಕಡಿಮೆ. ಪರದೇಶಿಯನ್ನು ನಿನ್ನಂತೆಯೇ ಪ್ರೀತಿಸು, ಯಾಕೆಂದರೆ ನೀವೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರಿ. ಪರದೇಶಿಯ ವಿಷಯದಲ್ಲಿ ಈ ಎಚ್ಚರಿಕೆ ತೋರಾದಲ್ಲಿ 36 ಕಡೆ ಬರುತ್ತದೆ ಅಂತ ಅವರ ಹಳೇ ಶಾಸ್ತ್ರಗ್ರಂಥ ತಾಲ್ಮುಡ್ ಲೆಕ್ಕ ಹಾಕಿದೆ, 46 ಕಡೆ ಅನ್ನುವವರೂ ಇದ್ದಾರೆ ಅಂತಲೂ ಅಲ್ಲೇ ಬರೆದಿದೆ. ನಮ್ಮ ಕನ್ನಡದಲ್ಲಿ ಪರದೇಶಿ ಅಂದರೆ ಹೊರಗಿನವನು ಅಂತ ಒಂದು ಅರ್ಥ, ದಿಕ್ಕಿಲ್ಲದವನು ಅಂತ ಇನ್ನೊಂದು. ಅಪ್ಪ ಅಮ್ಮ ಇಲ್ಲದ ಮಗುವನ್ನು ಕಂಡು ಅಜ್ಜಿಯಂದಿರು "ಪಾಪ, ಪರದೇಶಿ" ಅನ್ನುತ್ತಾರಲ್ಲ, ಆ ಅರ್ಥವೇ ಇಲ್ಲಿ ಚೆನ್ನಾಗಿ ಒಪ್ಪುತ್ತದೆ ಅಂತ ನನಗೆ ಅನ್ನಿಸುತ್ತದೆ.

ಇದು ಪುಸ್ತಕದಲ್ಲಿ ಮಾತ್ರ ಉಳಿದದ್ದಲ್ಲ, ಊಟದ ಮೇಜಿಗೂ ಬಂದಿದೆ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿಗೆ ಅವರು ಪಾಸೋವರ್ ಹಬ್ಬ ಮಾಡುತ್ತಾರೆ. ಅವತ್ತು ರಾತ್ರಿ ಉಬ್ಬದ ರೊಟ್ಟಿ, ಕಹಿ ಸೊಪ್ಪು, ಕಣ್ಣೀರಿನ ಗುರುತಾಗಿ ಉಪ್ಪುನೀರು, ದ್ರಾಕ್ಷಾರಸದ ಬಟ್ಟಲು ಇರುತ್ತವೆ. ಮನೆಯ ಸಣ್ಣ ಮಗು ಪ್ರಶ್ನೆ ಕೇಳಬೇಕು, ದೊಡ್ಡವರು ಕಥೆ ಹೇಳಬೇಕು. ಕಥೆಯಲ್ಲಿ ಈಜಿಪ್ಟಿನವರ ಮೇಲೆ ಬಿದ್ದ ಹತ್ತು ಪಿಡುಗುಗಳ ಹೆಸರು ಬಂದಾಗ ಒಂದೊಂದು ಹೆಸರಿಗೂ ಬೆರಳದ್ದಿ ಬಟ್ಟಲಿನಿಂದ ಒಂದೊಂದು ತೊಟ್ಟು ರಸ ತೆಗೆದು ತಟ್ಟೆಗೆ ಹಾಕುತ್ತಾರೆ. ಹತ್ತು ತೊಟ್ಟು. ನಮ್ಮನ್ನು ಗೋಳು ಹೊಯ್ದುಕೊಂಡವರೇ ಆದರೂ ಅವರ ಮನೆಯಲ್ಲೂ ಸಾವಾಯಿತು, ಹಾಗಾಗಿ ನಮ್ಮ ಸಂತೋಷದ ಬಟ್ಟಲು ಅಷ್ಟು ಕಡಿಮೆಯಾಗಲಿ ಅಂತ ಮಕ್ಕಳಿಗೆ ವಿವರಿಸುತ್ತಾರೆ. ಶತ್ರುವಿನ ಸಾವಿಗೂ ಒಂದು ತೊಟ್ಟು ತೆಗೆದಿಡಲು ಚಿಕ್ಕಂದಿನಿಂದ ಕಲಿತವರು ಉಯ್ಗರರ ಬಗ್ಗೆ ಮಾತಾಡಿದರೆ ಆಶ್ಚರ್ಯ ಏನಿದೆ ಮಾಷ್ಟ್ರೇ?

ಇಷ್ಟರ ಮೇಲೆ ಹತ್ತಿರದ ಗಾಯವೊಂದಿದೆ. 1938ರ ಜುಲೈಯಲ್ಲಿ ಫ್ರಾನ್ಸಿನ ಏವಿಯಾನ್ ಎಂಬ ಊರಿನಲ್ಲಿ 32 ದೇಶಗಳು ಸಭೆ ಸೇರಿದವು. ಹಿಟ್ಲರನ ಕೈಯಿಂದ ತಪ್ಪಿಸಿಕೊಂಡು ಬರುವ ಯಹೂದಿಗಳನ್ನು ಯಾರು ಇಟ್ಟುಕೊಳ್ಳುತ್ತೀರಿ ಅನ್ನುವುದೇ ವಿಷಯ. ಒಬ್ಬೊಬ್ಬರಾಗಿ ಎದ್ದು ಪಾಪ ಅಂದರು, ಬಾಗಿಲು ಮಾತ್ರ ತೆಗೆಯಲಿಲ್ಲ. ದೊಡ್ಡ ಸಂಖ್ಯೆಯಲ್ಲಿ ಕರೆದುಕೊಳ್ಳುತ್ತೇವೆ ಅಂದದ್ದು ಡೊಮಿನಿಕನ್ ರಿಪಬ್ಲಿಕ್ ಎಂಬ ಪುಟ್ಟ ದೇಶ ಮಾತ್ರ. ಆಮೇಲಿನ ಏಳು ವರ್ಷದೊಳಗೆ 60 ಲಕ್ಷ ಯಹೂದಿಗಳು ಸತ್ತರು. 2020ರ ಜುಲೈಯಲ್ಲಿ, ಉಯ್ಗರರು ಎನ್ನಲಾದ, ತಲೆ ಬೋಳಿಸಿ ಕಣ್ಣು ಕಟ್ಟಿದ ಜನರನ್ನು ಚೀನಾದ ಒಂದು ರೈಲು ನಿಲ್ದಾಣದಲ್ಲಿ ಸಾಲಾಗಿ ಕೂರಿಸಿದ ವಿಡಿಯೊ ಬ್ರಿಟನ್ನಿನ ಟಿವಿಯಲ್ಲಿ ಬಂತು. ಆಗ ಅಲ್ಲಿನ ಯಹೂದಿ ಸಂಘಟನೆಯ ಅಧ್ಯಕ್ಷೆ ಚೀನಾದ ರಾಯಭಾರಿಗೆ ನೇರವಾಗಿ ಪತ್ರ ಬರೆದರು. ಬೋಳು ತಲೆ, ರೈಲು, ಕ್ಯಾಂಪು. ಆ ಮೂರನ್ನು ಒಟ್ಟಿಗೆ ನೋಡಿದರೆ ಯಹೂದಿಗಳ ಮನೆಗಳಲ್ಲಿ ಯಾರಿಗೆ ನಿದ್ದೆ ಬಂದೀತು? 2022ರ ಆಗಸ್ಟ್ 31ರಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಯೂ ಉಯ್ಗರರ ಮೇಲೆ ನಡೆದದ್ದು ಮಾನವತೆಯ ವಿರುದ್ಧದ ಅಪರಾಧ ಆಗಿರಬಹುದು ಎಂದು ವರದಿ ಕೊಟ್ಟಿತು. ಚೀನಾ ಅದನ್ನು ಒಪ್ಪಿಲ್ಲ.

ಪ್ರಶ್ನೆ: ಇವರು ನಮ್ಮವರಿಗಾಗಿ, ಅಂದರೆ ಭಾರತೀಯರಿಗಾಗಿ, ಯಾವತ್ತಾದರೂ ಮಾತಾಡಿದ್ದುಂಟಾ?
- ಕಾಲೇಜು ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಉಂಟು ತಂಗಿ. ಗಾಂಧೀಜಿಯವರ ದಕ್ಷಿಣ ಆಫ್ರಿಕಾದ ದಿನಗಳನ್ನು ಪಾಠದಲ್ಲಿ ಓದಿರುತ್ತೀರಿ. ಅಲ್ಲಿ ಅವರ ಪಕ್ಕದಲ್ಲಿ ನಿಂತ ಬಿಳಿಯರಲ್ಲಿ ತೀರಾ ಹತ್ತಿರದವರು ಯಹೂದಿಗಳೇ. ಹೆನ್ರಿ ಪೋಲಕ್ ಇಂಗ್ಲೆಂಡಿನಿಂದ ಬಂದ ಪತ್ರಕರ್ತ. 1904ರಲ್ಲಿ ಜೋಹಾನ್ಸ್‌ಬರ್ಗಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಗಾಂಧೀಜಿಯವರ ಪರಿಚಯವಾಯಿತು, ಆಮೇಲೆ 'ಇಂಡಿಯನ್ ಒಪಿನಿಯನ್' ಪತ್ರಿಕೆ ನೋಡಿಕೊಂಡರು. 1909ರಲ್ಲಿ ಭಾರತಕ್ಕೇ ಬಂದು, ಅಲ್ಲಿ ನಿಮ್ಮ ಜನರಿಗೆ ಹೀಗೆಲ್ಲ ಆಗುತ್ತಿದೆ ಅಂತ ಊರೂರಲ್ಲಿ ಭಾಷಣ ಮಾಡಿದರು. ಯೋಚಿಸಿ ನೋಡಿ. ನಮ್ಮವರ ಕಷ್ಟವನ್ನು ನಮಗೇ ಬಂದು ಹೇಳಿದವರಲ್ಲಿ ಒಬ್ಬ ಇಂಗ್ಲಿಷ್ ಯಹೂದಿ!

ಇನ್ನೊಬ್ಬರು ಹರ್ಮನ್ ಕಾಲೆನ್‌ಬಾಖ್. ಲಿಥುವೇನಿಯಾದ ಕಡೆಯ ಯಹೂದಿ ಮನೆಯಲ್ಲಿ ಹುಟ್ಟಿದವರು, ಜೋಹಾನ್ಸ್‌ಬರ್ಗಿನಲ್ಲಿ ಚೆನ್ನಾಗಿ ಸಂಪಾದಿಸುತ್ತಿದ್ದ ಆರ್ಕಿಟೆಕ್ಟ್. ಜೈಲಿಗೆ ಹೋದ ಸತ್ಯಾಗ್ರಹಿಗಳ ಹೆಂಡತಿ ಮಕ್ಕಳಿಗೆ ಒಂದು ನೆಲೆ ಬೇಕು ಅಂದಾಗ 1910ರಲ್ಲಿ 1,100 ಎಕರೆ ಜಾಗ ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ಅದೇ ಟಾಲ್‌ಸ್ಟಾಯ್ ಫಾರ್ಮ್. ಕೊಟ್ಟು ಮನೆಗೆ ಹೋಗಲಿಲ್ಲ, ತಾವೂ ಅಲ್ಲೇ ಇದ್ದು ಚಪ್ಪಲಿ ಹೊಲಿಯುವುದನ್ನು ಕಲಿತು ಬಂದು ಉಳಿದವರಿಗೂ ಕಲಿಸಿದರು. 1913ರಲ್ಲಿ ಗಣಿ ಕೂಲಿಗಳ ದೊಡ್ಡ ಮೆರವಣಿಗೆ ಹೊರಟಿತು. ಅದರಲ್ಲಿ ಇದ್ದವರು ಹೆಚ್ಚಿನಂಶ ತಮಿಳು, ತೆಲುಗು ಮಾತಾಡುವ ಬಡವರು. ಆಗ ಗಾಂಧೀಜಿಯವರ ಜೊತೆ ಪೋಲಕ್ ಮತ್ತು ಕಾಲೆನ್‌ಬಾಖ್ ಇಬ್ಬರೂ ಜೈಲಿಗೆ ಹೋದರು.

ಇದೇ ದಕ್ಷಿಣ ಆಫ್ರಿಕಾದಲ್ಲಿ ಮುಂದೆ ಹೆಲೆನ್ ಸುಜ್ಮನ್ ಅಂತ ಒಬ್ಬರು. 1961ರಿಂದ 1974ರವರೆಗೆ, 13 ವರ್ಷ, ಬಿಳಿಯರೇ ತುಂಬಿದ್ದ ಪಾರ್ಲಿಮೆಂಟಿನಲ್ಲಿ ವರ್ಣಭೇದದ ವಿರುದ್ಧ ಅವರ ಪಕ್ಷದಿಂದ ಅವರೊಬ್ಬರೇ. ಜೈಲಿನಲ್ಲಿದ್ದ ಮಂಡೇಲಾ ಅವರನ್ನು ಹೋಗಿ ನೋಡಿ ಬಂದವರು. ಅಲ್ಲಿನ ಎಲ್ಲ ಯಹೂದಿಗಳೂ ಹೀಗಿದ್ದರು ಅಂತ ಹೇಳಲಾರೆ. ತುಂಬ ಜನ ಬಾಯಿ ಮುಚ್ಚಿಕೊಂಡಿದ್ದರು, ತಾವೂ ಸಣ್ಣ ಸಂಖ್ಯೆಯವರು, ಸರ್ಕಾರ ನಮ್ಮ ಮೇಲೇ ತಿರುಗಿದರೆ ಏನು ಮಾಡುವುದು ಅನ್ನುವ ಭಯ. ಆ ಭಯವನ್ನು ಕೇರಳದ ಗಡಿಯಲ್ಲಿ ಕನ್ನಡಿಗರಾಗಿ ಬದುಕುವ ನಾವು ಹಗುರವಾಗಿ ಕಾಣಬಾರದು.

ಪ್ರಶ್ನೆ: ನಮ್ಮ ಕಡೆ ಯಹೂದಿಗಳು ಇದ್ದರೇ?
- ಕುಂಬಳೆ

ಉತ್ತರ: ಸುಮಾರು 900 ವರ್ಷದ ಹಿಂದೆ ಮಂಗಳೂರಿನಲ್ಲಿ ಇದ್ದರು! ಅಬ್ರಹಾಂ ಬಿನ್ ಯಿಜು ಎಂಬ ವ್ಯಾಪಾರಿ, ಟ್ಯುನೀಷಿಯಾ ಮೂಲದವನು, 1132ರ ಹೊತ್ತಿಗೆ ಅಲ್ಲಿ ನೆಲೆಸಿ ಹಿತ್ತಾಳೆ ಕೆಲಸದ ಕಾರ್ಖಾನೆ ಇಟ್ಟಿದ್ದ. ಅಶು ಎಂಬ ಇಲ್ಲಿಯ ಹೆಣ್ಣುಮಗಳನ್ನು ಗುಲಾಮಗಿರಿಯಿಂದ ಬಿಡಿಸಿದ ಕಾಗದ ಅದೇ ವರ್ಷದ್ದು, ಮುಂದೆ ಅವಳೊಂದಿಗೇ ಸಂಸಾರ ಮಾಡಿದ ಅಂತ ಸಂಶೋಧಕರು ಹೇಳುತ್ತಾರೆ. ಅವನ ಕಾಗದಗಳು ಕೈರೋ ನಗರದ ಹಳೇ ಸಿನಗಾಗಿನ, ಅಂದರೆ ಯಹೂದಿ ಪ್ರಾರ್ಥನಾ ಮಂದಿರದ, ಕೋಣೆಯಲ್ಲಿ ಉಳಿದುಕೊಂಡು ಬಂದವು.

ಕೊಚ್ಚಿಯ ಮಟ್ಟಂಚೇರಿಯಲ್ಲಿ 1568ರ ಸಿನಗಾಗ್ ಇವತ್ತಿಗೂ ಇದೆ. ಅದರ ಹೆಸರೇ ಪರದೇಶಿ ಸಿನಗಾಗ್. ಅಲ್ಲಿನ ಒಂದು ವಿಷಯ ನಿಮಗೆ ಹೇಳಲೇಬೇಕು. ಗುಲಾಮರ ವಂಶದವರು ಅಂತ ಕೆಲವು ಯಹೂದಿ ಮನೆಯವರನ್ನು ಆ ಸಿನಗಾಗಿನಲ್ಲಿ ಬೆಂಚಿನ ಮೇಲೆ ಕೂರಲು ಬಿಡುತ್ತಿರಲಿಲ್ಲ, ಹೊರಗಿನ ಕೋಣೆಯಲ್ಲಿ ನೆಲದ ಮೇಲೆ ಕೂರಬೇಕಿತ್ತು. ಆ ಮನೆತನದಲ್ಲೇ ಹುಟ್ಟಿ ವಕೀಲರಾದವರು ಎ.ಬಿ. ಸೇಲಂ. ಗಾಂಧೀಜಿಯವರ ದಾರಿ ಹಿಡಿದು ಸಿನಗಾಗಿನ ಒಳಗೇ ಸತ್ಯಾಗ್ರಹ ಮಾಡಿ ಆ ಕಟ್ಟುಪಾಡುಗಳನ್ನು ಒಂದೊಂದಾಗಿ ಸಡಿಲಿಸಿದರು. ಜನ ಅವರನ್ನು ಯಹೂದಿ ಗಾಂಧಿ ಅಂತ ಕರೆದರು. ಪರದೇಶಿಯಾಗಿದ್ದ ಜನರ ಮನೆಯೊಳಗೂ ಇನ್ನೊಬ್ಬ ಪರದೇಶಿ ಇದ್ದ, ನೋಡಿ.

ಪ್ರಶ್ನೆ: ಚೀನಾದ ಮುಸ್ಲಿಮರ ಬಗ್ಗೆ ಕಣ್ಣೀರು ಹಾಕುವವರು ಗಾಜಾದ ಮಕ್ಕಳು ಸಾಯುವಾಗ ಎಲ್ಲಿದ್ದರು? ನೀವು ಕೂಡ ಅದನ್ನು ಬರೆಯಲಿಲ್ಲ. ಅಷ್ಟೆಲ್ಲ ನೋವುಂಡ ಜನಕ್ಕೆ ಬೇರೆಯವರ ನೋವು ಅರ್ಥವಾಗಬೇಕಲ್ವಾ?
- ಉಪ್ಪಳ

ಉತ್ತರ: ಬರೆಯದೆ ಬಿಟ್ಟದ್ದು ನನ್ನ ತಪ್ಪು ಅಣ್ಣ, ಎರಡು ಸಾಲಿನಲ್ಲಿ ಮುಗಿಸಬಾರದ ವಿಷಯವನ್ನು ಮುಗಿಸಿದ್ದೆ. ಈಗ ನೇರವಾಗಿ ಹೇಳುತ್ತೇನೆ.

2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನ ಊರುಗಳಿಗೆ ನುಗ್ಗಿ ಸುಮಾರು 1,200 ಜನರನ್ನು ಕೊಂದಿತು, 250ರಷ್ಟು ಜನರನ್ನು ಎಳೆದುಕೊಂಡು ಹೋಯಿತು. ಅದರಲ್ಲಿ ಮುದುಕರಿದ್ದರು, ಕೂಸುಗಳಿದ್ದವು. ಅದಾದ ಮೇಲೆ ಇಸ್ರೇಲ್ ನಡೆಸಿದ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು, ಸಾವಿರಾರು ಮಕ್ಕಳು. ಆಸ್ಪತ್ರೆ, ಶಾಲೆ, ನೀರು, ರೊಟ್ಟಿ ಯಾವುದೂ ನೆಟ್ಟಗೆ ಉಳಿಯಲಿಲ್ಲ. ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗುವವರನ್ನೂ, ಎರಡನೆಯದನ್ನು ಹೇಳಿ ಮೊದಲನೆಯದನ್ನು ನುಂಗುವವರನ್ನೂ ನಾನು ನಂಬುವುದಿಲ್ಲ.

ಯಹೂದಿಗಳು ಎಲ್ಲಿದ್ದರು ಅಂತ ಕೇಳಿದಿರಿ. ಅವರೊಳಗೆ ದೊಡ್ಡ ಜಗಳವೇ ನಡೆದಿದೆ, ಒಂದೇ ಮನೆಯ ಅಪ್ಪ ಮಗ ಮಾತು ಬಿಡುವಷ್ಟು. ಸರ್ಕಾರದ ಪರ ನಿಂತವರು ಬಹಳ. ಸುಮ್ಮನಾದವರು ಬಹಳ. ಮಾತಾಡಿದವರೂ ಇದ್ದಾರೆ, ಅವರ ಹೆಸರು ನಮ್ಮ ಕಡೆಗೆ ಬರುವುದು ಕಡಿಮೆ. ಬತ್ಸೆಲೆಮ್ ಅಂತ ಇಸ್ರೇಲಿನದೇ ಮಾನವ ಹಕ್ಕು ಸಂಸ್ಥೆ, 1989ರಿಂದ ಇದೆ. ಆ ಹೆಸರಿಗೆ 'ರೂಪದಲ್ಲಿ' ಅಂತ ಅರ್ಥ, ದೇವರು ಮನುಷ್ಯನನ್ನು ತನ್ನ ರೂಪದಲ್ಲಿ ಮಾಡಿದ ಅನ್ನುವ ತೋರಾದ ಮಾತಿನಿಂದ ತೆಗೆದದ್ದು. 2025ರ ಜುಲೈಯಲ್ಲಿ ಆ ಸಂಸ್ಥೆ, ನಮ್ಮ ಸರ್ಕಾರ ಗಾಜಾದಲ್ಲಿ ನರಮೇಧ ಮಾಡುತ್ತಿದೆ ಅಂತ ಬಹಿರಂಗವಾಗಿ ಹೇಳಿತು. ಇಸ್ರೇಲ್ ಸರ್ಕಾರ ಅದನ್ನು ಅಲ್ಲಗಳೆಯಿತು. 1988ರಲ್ಲಿ ಶುರುವಾದ ರಬ್ಬಿಗಳ ಒಂದು ಮಾನವ ಹಕ್ಕು ಸಂಘ ಇದೆ. ಆಲಿವ್ ಕೊಯ್ಲಿನ ಸಮಯಕ್ಕೆ ಇವರು ಇಸ್ರೇಲಿನ ಹಿಡಿತದಲ್ಲಿರುವ ವೆಸ್ಟ್ ಬ್ಯಾಂಕಿನ ಪ್ಯಾಲೆಸ್ಟೀನಿ ರೈತರ ತೋಟಕ್ಕೆ ಹೋಗಿ, ಅಲ್ಲಿ ಹೊಸದಾಗಿ ನೆಲೆ ಮಾಡಿಕೊಂಡ ಇಸ್ರೇಲಿಗಳು ಬಂದು ಹೊಡೆಯದ ಹಾಗೆ ನಡುವೆ ನಿಲ್ಲುತ್ತಾರೆ, ಕಾಯಿಯನ್ನೂ ಕೊಯ್ದು ಕೊಡುತ್ತಾರೆ. ಆಗ ಅವರಲ್ಲೊಬ್ಬರಾಗಿದ್ದ ರಬ್ಬಿ ಅರಿಕ್ ಆಶರ್‌ಮನ್ ಮೇಲೆ 2015ರಲ್ಲಿ ಮುಖ ಮುಚ್ಚಿಕೊಂಡವನೊಬ್ಬ ಚಾಕು ಹಿಡಿದು ಎರಗಿದ. ಅಡಿಕೆ ಕೊಯ್ಲಿನ ಹೊತ್ತಿಗೆ ತೋಟಕ್ಕೆ ಹೋಗಲು ಹೆದರಬೇಕಾದ ಸ್ಥಿತಿ ನಮಗೆ ಬಂದರೆ ಯಾರು ಬಂದು ನಿಲ್ಲುತ್ತಾರೆ ಅಂತ ಇದನ್ನು ಓದಿದಾಗೆಲ್ಲ ನನಗೆ ಅನ್ನಿಸುತ್ತದೆ.

ತಾಲ್ಮುಡ್‌ನಲ್ಲಿ ಒಂದು ಮಾತಿದೆ. ತನ್ನ ಮನೆಯವರ ತಪ್ಪನ್ನು ತಡೆಯಬಲ್ಲವನು ತಡೆಯದಿದ್ದರೆ ಮನೆಯವರ ತಪ್ಪು ಅವನ ತಲೆಗೆ, ಊರಿನವರದ್ದನ್ನು ತಡೆಯಬಲ್ಲವನು ತಡೆಯದಿದ್ದರೆ ಊರಿನದ್ದು, ಲೋಕದ್ದನ್ನಾದರೆ ಲೋಕದ್ದು. ಅನುಕ್ರಮ ನೋಡಿ ಅಣ್ಣ, ಮೊದಲು ಮನೆ. ಹಾಗಾಗಿ ಚೀನಾದ ಬಗ್ಗೆ ಮಾತಾಡಿ ಗಾಜಾದ ಬಗ್ಗೆ ಸುಮ್ಮನಿದ್ದರೆ ಅವರದೇ ಶಾಸ್ತ್ರದ ಪ್ರಕಾರ ಸಾಲದು ಅನ್ನುವುದು ನನ್ನ ಅಭಿಪ್ರಾಯ. ಇದನ್ನು ಅವರೊಳಗಿನವರೇ ನನಗಿಂತ ಗಟ್ಟಿಯಾಗಿ ಹೇಳುತ್ತಿದ್ದಾರೆ.

ನಿಮ್ಮ ಕೊನೆಯ ಮಾತನ್ನು ಮಾತ್ರ ನಾನು ಒಪ್ಪಲಾರೆ. ನೋವುಂಡವರಿಗೆ ಜಾಸ್ತಿ ಅರ್ಥವಾಗಬೇಕು ಅಂತ ನಾವು ಹೊರಗೆ ನಿಂತು ಕೇಳುವುದು ಸರಿಯಲ್ಲ. ಹೊಡೆಸಿಕೊಂಡದ್ದು ಅವರು, ಪರೀಕ್ಷೆಯೂ ಅವರಿಗೇ ಅಂದರೆ ಹೇಗೆ? ಆ ಪಾಠ ಹೊಡೆದವರಿಗೂ ನೋಡುತ್ತ ನಿಂತವರಿಗೂ ಇರಬೇಕಿತ್ತು. ಅವರು ತಾವಾಗಿಯೇ ತಮ್ಮ ಮೇಲೆ ಹೊತ್ತುಕೊಂಡರೆ ಅದಕ್ಕೆ ಬೆಲೆ. ಮಟ್ಟಂಚೇರಿಯಲ್ಲಿ ಉಳಿದ ಒಬ್ಬಿಬ್ಬರು ಯಹೂದಿಗಳ ಮನೆಗೆ ಹೋಗಿ ಗಾಜಾಕ್ಕೆ ಉತ್ತರ ಕೊಡಿ ಅನ್ನುವುದು, ಎಲ್ಲೋ ಬಾಂಬ್ ಬಿದ್ದಾಗ ನಿಮ್ಮ ಉಪ್ಪಳದ ಮುಸ್ಲಿಂ ಅಂಗಡಿಯವನನ್ನು ತಡೆದು ಉತ್ತರ ಹೇಳು ಅನ್ನುವುದು, ಎರಡೂ ಒಂದೇ. ಎರಡನೆಯದು ಎಷ್ಟು ಉರಿಯುತ್ತದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಪ್ರಶ್ನೆ: ಮಾತಾಡಿದರೆ ಏನಾಗುತ್ತದೆ? ಸತ್ತವರು ಎದ್ದು ಬರುತ್ತಾರಾ?
- ಮುಳ್ಳೇರಿಯ

ಉತ್ತರ: ಬರುವುದಿಲ್ಲ. ಎಷ್ಟೋ ಸಲ ಸಾಯುವುದೂ ನಿಲ್ಲುವುದಿಲ್ಲ. 2004ರಲ್ಲಿ ಸುಡಾನಿನ ಡಾರ್ಫರ್‌ನಲ್ಲಿ ಹಳ್ಳಿಗಳು ಉರಿಯುತ್ತಿದ್ದಾಗ ಅಮೆರಿಕದ ಒಂದು ಯಹೂದಿ ಸೇವಾ ಸಂಸ್ಥೆಯೂ ನಾಜಿಗಳು ಕೊಂದ ಯಹೂದಿಗಳ ನೆನಪಿಗೆ ಇರುವ ವಾಷಿಂಗ್ಟನ್ನಿನ ಹಾಲೊಕಾಸ್ಟ್ ಮ್ಯೂಸಿಯಂ ಕೂಡ ಮುಂದೆ ನಿಂತು ನೂರಾರು ಸಂಘಟನೆಗಳನ್ನು ಒಟ್ಟು ಸೇರಿಸಿದವು. 2006ರ ಏಪ್ರಿಲ್ 30ರಂದು ವಾಷಿಂಗ್ಟನ್ನಿನಲ್ಲಿ ಸಾವಿರಾರು ಜನ ಸೇರಿದರು, ನಾಜಿ ಕ್ಯಾಂಪಿನಿಂದ ಬದುಕಿ ಬಂದ ಎಲೀ ವೀಸೆಲ್ ಮಾತಾಡಿದರು. ಅಷ್ಟಾದರೂ 2023ರಲ್ಲಿ ಸುಡಾನಿನಲ್ಲಿ ಮತ್ತೆ ಯುದ್ಧ ಶುರುವಾಯಿತು, ಡಾರ್ಫರ್ ಮತ್ತೆ ಉರಿಯಿತು. ನಿಮ್ಮ ಪ್ರಶ್ನೆ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ.

ಆದರೂ ಒಬ್ಬರ ಕಥೆ ಕೇಳಿ. ರಾಫೆಲ್ ಲೆಮ್ಕಿನ್, 1900ರಲ್ಲಿ ಹುಟ್ಟಿದ ಪೋಲೆಂಡಿನ ಯಹೂದಿ. ಓದುವ ವಯಸ್ಸಿನಲ್ಲಿ ಅರ್ಮೇನಿಯನ್ನರ ಕೊಲೆಯ ಸುದ್ದಿ ತಲೆಗೆ ಹೊಕ್ಕಿತು. ಒಬ್ಬನನ್ನು ಕೊಂದರೆ ಅಪರಾಧ, ಒಂದು ಜನಾಂಗವನ್ನೇ ಕೊಂದವನನ್ನು ಹಿಡಿಯಲು ಕಾನೂನೇ ಇಲ್ಲ, ಇದು ಹೇಗೆ? ಅವರಿಗೂ ಅರ್ಮೇನಿಯನ್ನರಿಗೂ ಯಾವ ನಂಟೂ ಇರಲಿಲ್ಲ. ಆ ಪ್ರಶ್ನೆ ಹಿಡಿದುಕೊಂಡು ಕಾನೂನು ಓದಿದರು. ಅಷ್ಟರಲ್ಲಿ ನಾಜಿಗಳು ಬಂದರು, ಅವರು ಹೇಗೋ ಅಮೆರಿಕಕ್ಕೆ ಪಾರಾದರು. ಅಪ್ಪ ಅಮ್ಮ ಸೇರಿ ಅವರ ಕುಟುಂಬದ 49 ಜನ ಸತ್ತರು. 1944ರಲ್ಲಿ ಅವರು ಒಂದು ಹೊಸ ಪದ ಕಟ್ಟಿದರು, ಜೆನೊಸೈಡ್, ನಾವು ನರಮೇಧ ಅನ್ನುವುದು. ಆಮೇಲೆ ಕಂಕುಳಲ್ಲಿ ಕಾಗದದ ಕಟ್ಟು ಇಟ್ಟುಕೊಂಡು ವಿಶ್ವಸಂಸ್ಥೆಯ ಮೊಗಸಾಲೆಗಳಲ್ಲಿ ಸಿಕ್ಕ ಸಿಕ್ಕ ರಾಯಭಾರಿಯನ್ನು ತಡೆದು ನಿಲ್ಲಿಸಿ ಮಾತಾಡಿದರು. ತಲೆಕೆಟ್ಟವನು ಬಂದ ಅಂತ ತಪ್ಪಿಸಿಕೊಂಡು ಹೋದವರೂ ಇದ್ದರು. 1948ರ ಡಿಸೆಂಬರ್ 9ರಂದು ನರಮೇಧ ತಡೆಯುವ ಒಪ್ಪಂದ ಪಾಸಾಯಿತು. ಮರುದಿನವೇ ಮಾನವ ಹಕ್ಕುಗಳ ಘೋಷಣೆ. ಅದನ್ನು ಬರೆದವರಲ್ಲಿ ಮುಖ್ಯರಾದ ರೆನೆ ಕಾಸಾಂ ಅವರೂ ಫ್ರಾನ್ಸಿನ ಯಹೂದಿ. ಲೆಮ್ಕಿನ್ 1959ರಲ್ಲಿ ನ್ಯೂಯಾರ್ಕಿನಲ್ಲಿ ಕೈಯಲ್ಲಿ ಕಾಸಿಲ್ಲದೆ ತೀರಿಕೊಂಡರು, ಮಣ್ಣು ಮಾಡುವಾಗ ಇದ್ದವರು ಕೆಲವೇ ಮಂದಿ. ನಮ್ಮ ದೇಶ ಆ ಒಪ್ಪಂದವನ್ನು ಅಂಗೀಕರಿಸಿದ್ದೂ ಅದೇ 1959ರಲ್ಲಿ.

ಇವತ್ತು ರೋಹಿಂಗ್ಯಾ, ಉಯ್ಗರ್, ಗಾಜಾ ಯಾವುದರ ಬಗ್ಗೆ ನರಮೇಧದ ದೂರು ಹೊತ್ತು ಕೋರ್ಟಿಗೆ ಹೋದರೂ ಆ ಮನುಷ್ಯ ಕಟ್ಟಿದ ಪದ ಹಿಡಿದುಕೊಂಡೇ ಹೋಗಬೇಕು. ಒಂದು ಪದ ಇಲ್ಲದಿದ್ದರೆ ದೂರು ಬರೆಯುವುದೂ ಕಷ್ಟ, ಅಲ್ವಾ?

ಪ್ರಶ್ನೆ: ನಿಮ್ಮ ಉತ್ತರ ಓದಿದೆ. ನನ್ನ ಮಗನಿಗೆ ಮೂವತ್ತು ವರ್ಷ. ಎದ್ದು ಕೂರಲಾರ, ಮಾತಿಲ್ಲ, ನಾನೇ ಉಣ್ಣಿಸಬೇಕು. ಅವನು ಹೊಟ್ಟೆಯಲ್ಲಿದ್ದಾಗ ನಮ್ಮ ಗುಡ್ಡೆಗೆ ಹೆಲಿಕಾಪ್ಟರಿನಲ್ಲಿ ಮದ್ದು ಬಿಟ್ಟಿದ್ದರು. ನಮ್ಮ ಕಷ್ಟ ಕೇಳುವವರು ಯಾರೂ ಇಲ್ಲ. ಚೀನಾದ ಸುದ್ದಿ, ಸುಡಾನಿನ ಸುದ್ದಿ ನಮಗೇಕೆ? ಮೊದಲು ಇಲ್ಲಿಯದ್ದು ಬರೆಯಿರಿ.
- ಒಬ್ಬ ತಾಯಿ, ಪೆರ್ಲದ ಹತ್ತಿರ

ಉತ್ತರ: ಅಕ್ಕಾ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಏನು ಬರೆದರೂ ನಿಮ್ಮ ಮುಂದೆ ಸಣ್ಣದೇ.

ನಾನೂ ಆ ಹೆಲಿಕಾಪ್ಟರ್ ನೋಡಿದವನು. ಗೇರು ತೋಟಕ್ಕೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಡುವ ದಿನ ಬಾವಿ ಮುಚ್ಚಿಡಿ ಅನ್ನುತ್ತಿದ್ದರು. ಅಮ್ಮ ಬಾವಿಗೆ ಅಡಿಕೆ ಸೋಗೆ ಹೊದಿಸಿ ಮೇಲೆ ಹಳೇ ಗೋಣಿ ಹಾಕುತ್ತಿದ್ದಳು. ಗುಡ್ಡ ಕೊರೆದ ಸುರಂಗದ ನೀರಿಗೆ, ತೋಡಿಗೆ, ಮೇಯುವ ದನಕ್ಕೆ ಯಾರು ಗೋಣಿ ಹೊದಿಸುವುದು? ಮಕ್ಕಳಾದ ನಾವು ಮೇಲೆ ನೋಡಿ ಕೈಬೀಸುತ್ತಿದ್ದೆವು. ಆ ಕೈಬೀಸಿದ್ದು ನೆನಪಾದರೆ ಈಗಲೂ ಹೊಟ್ಟೆ ಕಿವುಚುತ್ತದೆ. 1970ರ ದಶಕದ ಕೊನೆಯಿಂದ 2000ದವರೆಗೆ, 20 ವರ್ಷಕ್ಕೂ ಮೇಲೆ, ಹೀಗೇ ನಡೆಯಿತು. ಜೇನು ಸತ್ತವು, ಕರುಗಳು ಕಾಲು ತಿರುಚಿಕೊಂಡು ಹುಟ್ಟಿದವು, ಆಮೇಲೆ ಮನುಷ್ಯರ ಮಕ್ಕಳು.

ಆಗ ಮೊದಲು ಬಾಯಿ ಬಿಟ್ಟವರು ಇಲ್ಲಿಯವರೇ. ಪಡ್ರೆಯ ವಾಣಿನಗರದಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್, ಇಷ್ಟು ಸಣ್ಣ ಜಾಗದಲ್ಲಿ ಇಷ್ಟೊಂದು ಕಾಯಿಲೆ ಯಾಕೆ ಅಂತ ಕೇಳಿದರು. ಪತ್ರಕರ್ತ ಶ್ರೀಪಡ್ರೆಯವರು ಬರೆದರು. ಆದರೆ ಅಷ್ಟರಿಂದ ಹೆಲಿಕಾಪ್ಟರ್ ಕೂಡಲೇ ನಿಲ್ಲಲಿಲ್ಲ. ದೆಹಲಿಯ ಸಂಸ್ಥೆಯವರು ಬಂದು ರಕ್ತ ಪರೀಕ್ಷೆ ಮಾಡಿ 2001ರಲ್ಲಿ ವಿಷ ಇದೆ ಅಂತ ತೋರಿಸಿದರು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಸೇರಿ ಎಂಡೋಸಲ್ಫಾನನ್ನು ಜಗತ್ತಿನಿಂದಲೇ ತೆಗೆಯುವ ತೀರ್ಮಾನ ಮಾಡಿದವು. ಅದಕ್ಕಾಗಿ ವಾದಿಸಿದವರಲ್ಲಿ ಹೆಚ್ಚಿನವರು ಪೆರ್ಲದ ಪೇಟೆ ನೋಡಿದವರಲ್ಲ, ನಮ್ಮ ಭಾಷೆ ಬಲ್ಲವರಲ್ಲ. ನಮ್ಮದೇ ಸರ್ಕಾರ ಆಗ ಅಡ್ಡ ಮಾತಾಡುತ್ತಿತ್ತು, ಪರದೇಶದವರು ನಿಮ್ಮ ಮಗನ ಪರವಾಗಿ ಮಾತಾಡುತ್ತಿದ್ದರು. ಆ ಮೇ 13ರಂದು ನಮ್ಮ ಸುಪ್ರೀಂ ಕೋರ್ಟೂ ನಿಷೇಧ ಹಾಕಿತು. ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಅಂತ ಅದೇ ಕೋರ್ಟು 2017ರಲ್ಲಿ ಹೇಳಿತು, ಅದನ್ನು ಪಡೆಯಲು ನಿಮ್ಮಂಥವರು ಮತ್ತೆ ಎಷ್ಟು ವರ್ಷ ಅಲೆಯಬೇಕಾಯಿತು, ಮಕ್ಕಳನ್ನು ಹೊತ್ತುಕೊಂಡು ತಿರುವನಂತಪುರದ ಬೀದಿಯಲ್ಲಿ ಕೂರಬೇಕಾಯಿತು ಅನ್ನುವುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ.

ಇಲ್ಲಿಯದ್ದನ್ನು ಮೊದಲು ಬರೆಯಿರಿ ಅಂದಿರಿ. ಹೌದು, ಬರೆಯಬೇಕು. ಮುಂದಿನ ಸಂಚಿಕೆಯಿಂದ ಈ ಪುಟದಲ್ಲಿ ಎಂಡೋಸಲ್ಫಾನ್ ಸಂತ್ರಸ್ತರ ಪ್ರಶ್ನೆಗಳಿಗೆ ಪ್ರತಿ ಸಲವೂ ಜಾಗ ಇಡುತ್ತೇನೆ: ಪಿಂಚಣಿ ನಿಂತದ್ದು, ಪಟ್ಟಿಯಿಂದ ಹೆಸರು ಬಿಟ್ಟದ್ದು, ಔಷಧ ಸಿಗದ್ದು, ಏನಿದ್ದರೂ ಬರೆಯಿರಿ. ಬರೆಯಲು ಪುರುಸೊತ್ತಾಗದಿದ್ದರೆ ಪಕ್ಕದ ಮನೆಯ ಮಕ್ಕಳಿಂದ ಬರೆಸಿ ಕಳಿಸಿ, ಅಕ್ಷರ ಹೇಗಿದ್ದರೂ ಓದುತ್ತೇನೆ. ಸುಡಾನಿನದ್ದನ್ನು ಬಿಡಿ ಅಂತ ಮಾತ್ರ ಹೇಳಬೇಡಿ ಅಕ್ಕಾ. ಅಲ್ಲೂ ಒಬ್ಬ ತಾಯಿ ಮಗನಿಗೆ ಉಣ್ಣಿಸುತ್ತಿರುತ್ತಾಳೆ, ಅವಳ ಊರಿನ ಹೆಸರು ನಮಗೆ ಗೊತ್ತಿಲ್ಲ ಅಷ್ಟೇ.

ನಿಮ್ಮ ಮಗನ ಹೆಸರು ಪತ್ರದಲ್ಲಿ ಇಲ್ಲ. ಪತ್ರಿಕೆಯಲ್ಲಿ ಹಾಕುವುದಕ್ಕಲ್ಲ, ನಾನು ತಿಳಿದುಕೊಳ್ಳುವುದಕ್ಕೆ. ಮುಂದಿನ ಸಲ ಬರೆದು ಕಳಿಸಿ.